ಮಾಮನ ಆರೆಕ್ಸ್ ಡೈನೋ ಹತ್ತಿದ್ದು: ಒಂದು ಚಾಂಬರ್, ಮೂರು ಜೆಟ್, ಜಾರ್ತಿದ್ದ ಕ್ಲಚ್

ಡೈನೋ (ಗಾಡಿಯ ಪವರ್ ಅಳೆಯೋ ಮಿಷನ್ನು) ಪ್ರಿಂಟ್‌ಔಟ್ ಕೈಗೆ ಬಂದಾಗ ನಾನು ಮೊದ್ಲು ನೋಡಿದ್ದು ಮೂಲೇಲಿದ್ದ ಬಿಎಚ್‌ಪಿ (ಅಶ್ವಶಕ್ತಿ) ನಂಬರ್ ಮಾತ್ರ. 9.3. ಬೋರ್ ಹಾಕ್ಸಿ, ಹೊಸ ಪಿಸ್ಟನ್ನು, ಹೊಸ ರಿಂಗು, ಚಾಂಬರ್ರು (ಸೈಲೆನ್ಸರ್ ಬದ್ಲು ಹಾಕೋ ಹೊಟ್ಟೆ ಉಬ್ಬಿದ ಪೈಪು), ದೊಡ್ಡ ಜೆಟ್ಟು (ಕಾರ್ಬ್ಯುರೇಟರಲ್ಲಿ ಪೆಟ್ರೋಲ್ ಬಿಡೋ ತೂತು) ಅಂತ ಆರು ತಿಂಗ್ಳ ಭಾನುವಾರ ಎಲ್ಲಾ ಕಾರ್ ಶೆಡ್ಡಲ್ಲಿ ಕಳ್ದು, ಕೊನೆಗೆ ಯಮಹಾ ಕಂಪನಿಯವ್ರು 11 ಅಂತ ಹೇಳಿ ಮಾರಿದ್ದ ಆರೆಕ್ಸ್ ಬೈಕು 9.3 ತೋರಿಸ್ತಿದೆ. ಪಕ್ಕದಲ್ಲಿದ್ದ ಫ್ರೆಂಡ್ ಏನೂ ಮಾತಾಡ್ಲಿಲ್ಲ, ಸುಮ್ನೆ ಟೀ ಕುಡೀತಾ ಇದ್ದ. ಅದೇ ಜಾಸ್ತಿ ಉರೀತು.

ಆ ಹಾಳೇಲಿ ನಂಬರ್ ಬಿಟ್ಟು ಬೇರೆ ಎಷ್ಟೆಲ್ಲಾ ಬರ್ದಿತ್ತು, ಅದನ್ನ ಓದೋಕೆ ನಂಗೆ ಎರಡು ವಾರ ಹಿಡೀತು. ಅದನ್ನೇ ಇಲ್ಲಿ ಹಾಕ್ತಿದೀನಿ. ಆರೆಕ್ಸ್ ಇಟ್ಕೊಂಡಿರೋರು, ಚಾಂಬರ್ ಹಾಕ್ಬೇಕು ಅಂತ ಕೈ ಕಡೀತಿರೋರು ಓದಿ.

ಗಾಡಿ ನಮ್ಮ ಮಾಮಂದು. 1994ರ ಆರ್‌ಎಕ್ಸ್ 100, ಅಷ್ಟೂ ವರ್ಷ ಕುಂದಾಪುರದಲ್ಲೇ ಓಡಿದ್ದು. ಮಾಮಂಗೆ ಮಂಡಿ ಆಪರೇಷನ್ ಆದ್ಮೇಲೆ ಕಿಕ್ ಹೊಡ್ಯೋಕಾಗಲ್ಲ, ಎರಡು ಮಳೆಗಾಲ ಕೊಟ್ಟಿಗೆ ಪಕ್ಕ ನಿಂತಿತ್ತು. ಹೋದ ವರ್ಷ ಹಬ್ಬಕ್ಕೆ ಹೋದಾಗ "ತಕಂಡ್ ಹೋಗ್ ಮಾರಾಯ, ಇಲ್ಲಿದ್ರೆ ತುಕ್ಕ್ ಹಿಡಿತ್ತ್ ಅಷ್ಟೇ" ಅಂದ್ರು. ಟೆಂಪೋದಲ್ಲಿ ಹಾಕ್ಕೊಂಡು ಬೆಂಗಳೂರಿಗೆ ತಂದೆ. ಗೊತ್ತಿಲ್ದೋರಿಗೆ ಹೇಳ್ಬೇಕಂದ್ರೆ ಇದು 98 ಸಿಸಿ ಟೂ ಸ್ಟ್ರೋಕ್, ಬೋರೂ 50 ಮಿಮೀ ಸ್ಟ್ರೋಕೂ 50 ಮಿಮೀ, ರೀಡ್ ವಾಲ್ವು, ನಾಲ್ಕು ಗೇರು, 7500 ಆರ್‌ಪಿಎಮ್‌ಗೆ 11 ಬಿಎಚ್‌ಪಿ ಅಂತ ಲೆಕ್ಕ. ನಮ್ಮಲ್ಲಿ 1985ರಿಂದ 1996ರ ತನಕ ಬಂತು. ಗಾಡಿ ತೂಕ ಹೆಚ್ಚು ಕಮ್ಮಿ ನೂರು ಕೆಜಿ, ಅದಕ್ಕೇ 11ಕ್ಕೆ ಅಷ್ಟು ಹಾರುತ್ತೆ.

ಹೆಡ್ ಬಿಚ್ಚಿದಾಗ್ಲೇ ಗೊತ್ತಾಯ್ತು, ಸೈಲೆನ್ಸರ್ ಪೋರ್ಟ್ (ಹೊಗೆ ಹೋಗೋ ತೂತು) ಕಡೆ ಸಿಲಿಂಡರ್ ಗೋಡೆ ಮೇಲೆ ಉದ್ದುದ್ದ ಗೆರೆ, ಉಗುರು ಸಿಕ್ಕಾಕೊಳ್ಳೋ ಅಷ್ಟು ಆಳ. ಮೊದಲನೇ ಓವರ್‌ಸೈಜ್ 0.25 ಮಿಮೀಗೆ ಗೆರೆ ಹೋಗಲ್ಲ ಅಂತ ಲೇತ್‌ನೋರು ನೋಡ್ತಿದ್ದಂಗೇ ಹೇಳಿದ್ರು, 0.50ಗೆ ಹಾಕ್ಸಿದ್ವಿ. ಜೆ.ಸಿ. ರೋಡಲ್ಲಿ ಪಿಸ್ಟನ್ ಕಿಟ್ ತಗೊಂಡು ಮೊದ್ಲು ಅದನ್ನ ಕೊಟ್ಟು, ಆಮೇಲೇ ಬೋರ್ ಮಾಡ್ಸಿದ್ದು. ಪಿಸ್ಟನ್ ಅಳೆದು ಅದಕ್ಕೆ ತಕ್ಕಂಗೆ ಬೋರ್ ಮಾಡ್ಬೇಕು, ಬೋರ್ ಮಾಡಿ ಆಮೇಲೆ ಪಿಸ್ಟನ್ ಹುಡುಕೋದಲ್ಲ. ಇನ್ನೊಂದು, ಬೋರ್ ಆದ್ಮೇಲೆ ಪೋರ್ಟ್‌ಗಳ ಅಂಚು ಬ್ಲೇಡ್ ಥರ ಚೂಪಾಗಿರುತ್ತೆ. ಅದನ್ನ ಹಂಗೇ ಬಿಟ್ರೆ ರಿಂಗ್ ಹೋಗಿ ಅಲ್ಲಿಗೆ ತಗಲಾಕ್ಕೊಂಡು ಮುರಿಯುತ್ತೆ. ಸಣ್ಣ ಕಲ್ಲಲ್ಲಿ ಒಂದೊಂದು ಅಂಚನ್ನೂ ನಾನೇ ಕೂತು ತಿಕ್ಕಿದೆ, ಬೆರಳು ಓಡ್ಸಿದ್ರೆ ಎಲ್ಲೂ ತಡೀಬಾರ್ದು ಅಷ್ಟು. ಪೋರ್ಟ್ ಎತ್ತರ ಮಾತ್ರ ಒಂದು ಕೂದಲಿನಷ್ಟೂ ಮುಟ್ಟಲಿಲ್ಲ. ಎಲ್ರೂ "ಪೋರ್ಟಿಂಗ್ ಮಾಡ್ಸು, ಪೋರ್ಟಿಂಗ್ ಮಾಡ್ಸು" ಅಂದ್ರು, ನಾನು ಬಗ್ಗಲಿಲ್ಲ, ತೆಗೆದ ಲೋಹ ವಾಪಸ್ ಅಂಟ್ಸೋಕಾಗಲ್ಲ, ಇದು ಮಾಮನ ಗಾಡಿ ಬೇರೆ.

ಕ್ರ್ಯಾಂಕ್ ಸೀಲ್ ಎರಡೂ ಹೊಸದು. ಸಮುದ್ರದ ಹತ್ರ ನಿಂತಿದ್ದ ಗಾಡಿ, ಮ್ಯಾಗ್ನೆಟ್ ಕಡೆ ಸೀಲ್ ಬಿಸ್ಕೆಟ್ ಥರ ಪುಡಿ ಆಯ್ತು. ಟೂ ಸ್ಟ್ರೋಕಲ್ಲಿ ಈ ಸೀಲ್ ಅಂದ್ರೆ ಸುಮ್ನೆ ಅಲ್ಲ, ಪೆಟ್ರೋಲ್ ಗಾಳಿ ಎರಡೂ ಕ್ರ್ಯಾಂಕ್ ಕೇಸ್ ಒಳಗಿಂದಾನೇ ಹೋಗೋದು, ಮ್ಯಾಗ್ನೆಟ್ ಕಡೆ ಸೋರಿದ್ರೆ ಹೊರಗಿನ ಗಾಳಿ ಒಳಗೆ ನುಗ್ಗಿ ಲೀನ್ ಆಗಿ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಪಿಸ್ಟನ್ ಸೀಜ್ ಆಗುತ್ತೆ, ಕ್ಲಚ್ ಕಡೆ ಸೋರಿದ್ರೆ ಗೇರ್ ಆಯಿಲ್ ಎಳ್ಕೊಂಡು ಹೊಗೆ ಬಿಡುತ್ತೆ. ಸೋರ್ತಿದ್ಯಾ ಇಲ್ವಾ ಅಂತ ನೋಡೋಕೆ ಅಮ್ಮನ ಹಳೇ ಬಿಪಿ ಮಿಷನ್ ತಗೊಂಡೆ. ನಗ್ಬೇಡಿ, ಇದು ಕೆಲ್ಸ ಮಾಡುತ್ತೆ. ಕಾರ್ಬ್ಯುರೇಟರ್ ಕಡೆ, ಸೈಲೆನ್ಸರ್ ಕಡೆ ಎರಡೂ ರಬ್ಬರ್ ಹಾಳೆ ಹಾಕಿ ಬೋಲ್ಟ್ ಬಿಗ್ದು, ಪ್ಲಗ್ ತೂತಿಗೆ ಹಳೇ ಪ್ಲಗ್ ಒಡ್ದು ಮಾಡಿದ ನಿಪ್ಪಲ್ ಹಾಕಿ, ಬಿಪಿ ಬಲ್ಬ್ ಒತ್ತಿ ಒತ್ತಿ ಮುಳ್ಳನ್ನ 300ರ ಹತ್ರ ತರೋದು. 300 ಅಂದ್ರೆ ಆರು ಪಿಎಸ್‌ಐಗೆ ಚೂರು ಕಮ್ಮಿ, ಟೂ ಸ್ಟ್ರೋಕ್ ಲೀಕ್ ಟೆಸ್ಟ್‌ಗೆ ಬೇಕಾಗಿರೋದೂ ಅಷ್ಟೇ. ಮೊದಲ ಸಲ ಅರ್ಧ ನಿಮಿಷಕ್ಕೆ ಇಳ್ದೋಯ್ತು. ಸೋಪ್ ನೀರು ಬಳ್ದಾಗ ರೀಡ್ ವಾಲ್ವ್ ಗ್ಯಾಸ್ಕೆಟ್ ಮೂಲೇಲಿ ಒಂದೇ ಒಂದು ಗುಳ್ಳೆ, ದೊಡ್ಡದಾಗ್ತಾ ಒಡೀತಾ, ದೊಡ್ಡದಾಗ್ತಾ ಒಡೀತಾ. ಗ್ಯಾಸ್ಕೆಟ್ ಬದಲಾಯ್ಸಿದ್ಮೇಲೆ ಐದು ನಿಮಿಷ ಮುಳ್ಳು ಅಲ್ಲಾಡ್ಲಿಲ್ಲ. ಅಮ್ಮ ಮಿಷನ್ ವಾಪಸ್ ತಗೊಳ್ಲಿಲ್ಲ, ಪೆಟ್ರೋಲ್ ವಾಸ್ನೆ ಅಂತೆ.

ರನ್ನಿಂಗ್ ಇನ್ ಮುಗ್ಸಿದ್ಮೇಲೆ ಚಾಂಬರ್. ಇಲ್ಲೇ ನಾನು ಎಡವಿದ್ದು. ಚಾಂಬರ್ ಹಾಕಿದ ದಿನಾನೇ ಮೇನ್ ಜೆಟ್ಟೂ ದೊಡ್ಡದು ಹಾಕ್ದೆ, ಏರ್ ಫಿಲ್ಟರ್ ಬಾಕ್ಸ್ ಮುಚ್ಚಳಾನೂ ತೆಗ್ದೆ, ಗೇರ್ ಆಯಿಲ್ಲೂ ಬದಲಾಯ್ಸಿದೆ. ನಾಲ್ಕು ಕೆಲಸ ಒಂದೇ ದಿನ. ಕನಕಪುರ ರೋಡಲ್ಲಿ ಓಡ್ಸಿದ್ರೆ ಅಯ್ಯಯ್ಯೋ, ಆರೂವರೆ ಏಳು ಸಾವಿರ ದಾಟ್ತಿದ್ದಂಗೆ ಹಿಂದಿಂದ ಯಾರೋ ಒದ್ದಂಗೆ ಹೋಗುತ್ತೆ. ನಾನಂತೂ ಹದಿಮೂರು ಹದಿನಾಲ್ಕು ಬಿಎಚ್‌ಪಿ ಇದೆ ಅಂತ ನಾಲ್ಕು ಜನಕ್ಕೆ ಹೇಳೂ ಆಗಿತ್ತು. ಆಮೇಲೆ ಗೊತ್ತಾಯ್ತು, ಕೆಳಗೆ ಸತ್ತು ಮಲಗಿರೋ ಇಂಜಿನ್ ಮೇಲೆ ತಟ್ಟಂತ ಎದ್ರೆ ಆ ವ್ಯತ್ಯಾಸಾನೇ ಸ್ಪೀಡ್ ಅಂತ ಅನ್ಸುತ್ತೆ. ಕೆಳಗಿಂದಾನೇ ಸಮವಾಗಿ ಎಳ್ಯೋ ಗಾಡಿ ನಿಜವಾಗ್ಲೂ ಬೇಗ ಹೋಗ್ತಿದ್ರೂ ನಿಧಾನ ಅನ್ಸುತ್ತೆ. ನಮ್ಮ ಬೆನ್ನಿಗೆ ಅಳತೆ ಗೊತ್ತಿಲ್ಲ.

ಡೈನೋ ಹೇಗಿತ್ತು ಅಂದ್ರೆ, ನೆಲದ ಮಟ್ಟಕ್ಕೆ ಒಂದು ದೊಡ್ಡ ಉಕ್ಕಿನ ಡ್ರಮ್ಮು, ಅದರ ಮೇಲೆ ಹಿಂದಿನ ಚಕ್ರ, ಮುಂದಿನ ಚಕ್ರ ಕ್ಲಾಂಪಲ್ಲಿ, ಎರಡೂ ಕಡೆ ಲಾರಿಗೆ ಕಟ್ಟೋ ಥರದ ಪಟ್ಟಿ. ಇದು ಇನರ್ಷಿಯಾ ಡೈನೋ, ಬ್ರೇಕ್ ಹಾಕಿ ಹಿಡಿಯೋ ಥರದ್ದಲ್ಲ. ಲೆಕ್ಕ ಏನಂದ್ರೆ ಡ್ರಮ್ಮಿನ ಜಡತ್ವ ಎಷ್ಟು ಅಂತ ಕಂಪ್ಯೂಟರಿಗೆ ಮೊದ್ಲೇ ಗೊತ್ತು. ಅಷ್ಟು ಭಾರದ ಡ್ರಮ್ಮನ್ನ ನಿನ್ನ ಗಾಡಿ ಎಷ್ಟು ಬೇಗ ವೇಗ ಹತ್ತಿಸ್ತು ಅಂತ ಅದು ಟೈಮ್ ನೋಡ್ಕೊಂಡು ಪವರ್ ಲೆಕ್ಕ ಹಾಕುತ್ತೆ. ಸಂತೇಲಿ ತುಂಬಿದ ಗಾಡಿ ತಳ್ಳೋನನ್ನ ನೋಡಿ ಇವನಿಗೆ ಎಷ್ಟು ಕಸುವಿದೆ ಅಂತ ಹೇಳ್ತಾರಲ್ಲ, ಹಂಗೆ. ಇದರಲ್ಲಿ ಗಮನಿಸ್ಬೇಕಾಗಿದ್ದು ಪವರ್‌ಗೆ ಇಂಜಿನ್ ಆರ್‌ಪಿಎಮ್ ಬೇಕೇ ಇಲ್ಲ, ಡ್ರಮ್ ಸಾಕು. ಆರ್‌ಪಿಎಮ್ ಬೇಕಾಗೋದು ಟಾರ್ಕ್ (ತಿರುಗಿಸೋ ಬಲ) ಲೆಕ್ಕ ಹಾಕೋಕೆ ಮತ್ತೆ ಗ್ರಾಫ್‌ನ ಕೆಳಗಿನ ಗೆರೆಗೆ. ಬಿಎಚ್‌ಪಿ ಅಂದ್ರೆ ನ್ಯೂಟನ್ ಮೀಟರಲ್ಲಿರೋ ಟಾರ್ಕನ್ನ ಆರ್‌ಪಿಎಮ್‌ನಿಂದ ಗುಣಿಸಿ 7121ರಿಂದ ಭಾಗಿಸೋದು, ಅಷ್ಟೇ. ಹಳೇ ಅಮೆರಿಕನ್ ಅಳತೇಲಿ ಪೌಂಡ್ ಫುಟ್ ಹಾಕಿದ್ರೆ 5252, ಅದಕ್ಕೇ ಅವ್ರ ಗ್ರಾಫಲ್ಲಿ ಪವರ್, ಟಾರ್ಕ್ ಎರಡು ಗೆರೆ ಯಾವಾಗ್ಲೂ 5252ಕ್ಕೇ ದಾಟೋದು. ನ್ಯೂಟನ್ ಮೀಟರಲ್ಲಿ ಹಂಗಾಗಲ್ಲ, ನಮ್ಮ ಹುಡುಗ್ರು "ಗ್ರಾಫ್ ತಪ್ಪಿದೆ" ಅಂತ ಜಗಳ ಆಡ್ಬೇಡಿ.

ಇದು ಯಾಕೆ ಹೇಳ್ದೆ ಅಂದ್ರೆ ಮೊದಲ್ನೇ ಪುಲ್ (ಡ್ರಮ್ ಮೇಲೆ ಫುಲ್ ಥ್ರಾಟಲಲ್ಲಿ ಒಂದು ಓಟ) ಮುಗ್ದಾಗ ಸ್ಕ್ರೀನಲ್ಲಿ ನನ್ನ ಗಾಡಿ 15,000 ಆರ್‌ಪಿಎಮ್ ತಿರುಗ್ತಿತ್ತು. ಟಾರ್ಕು ನಾಲ್ಕು ಚಿಲ್ಲರೆ. ಆಪರೇಟರ್ ಹುಡ್ಗ ಪ್ಲಗ್ ವೈರಿಗೆ ಕ್ಲಿಪ್ ಹಾಕಿದ್ದ, ಕಂಪ್ಯೂಟರಲ್ಲಿ ಫೋರ್ ಸ್ಟ್ರೋಕ್ ಸೆಟ್ಟಿಂಗೇ ಬಿಟ್ಟಿದ್ದ. ಎರಡು ಸುತ್ತಿಗೆ ಒಂದು ಕಿಡಿ ಅಂತ ಅದು ಅಂದ್ಕೊಂಡಿದೆ, ಟೂ ಸ್ಟ್ರೋಕಲ್ಲಿ ಪ್ರತಿ ಸುತ್ತಿಗೂ ಒಂದು ಕಿಡಿ, ಹಂಗಾಗಿ ಆರ್‌ಪಿಎಮ್ ಡಬಲ್, ಟಾರ್ಕ್ ಅರ್ಧ, ಪವರ್ ಮಾತ್ರ ಅಷ್ಟೇ. "ಸಾರಿ ಅಣ್ಣ, ಟೂ ಸ್ಟ್ರೋಕ್ ಬರೋದೇ ಅಪರೂಪ" ಅಂದ. ಪಾಪ, ಅವನು ಹುಟ್ಟೋಕೆ ಮುಂಚೇನೇ ಆರೆಕ್ಸ್ ನಿಂತೋಗಿತ್ತು.

ಇನ್ನು ಆ 9.3. ಅದರ ಪಕ್ಕ ಸಣ್ಣಕ್ಷರದಲ್ಲಿ ಎಸ್‌ಎಇ, ಸಿಎಫ್ 1.13 ಅಂತ ಇತ್ತು. ಸಿಎಫ್ ಅಂದ್ರೆ ತಿದ್ದುಪಡಿ ಗುಣಾಂಕ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ 910 ಮಿಲಿಬಾರ್ ಆಸುಪಾಸು, ಕುಂದಾಪುರದಲ್ಲಿ 1010. ಗಾಳಿ ತೆಳು, ಇಂಜಿನ್ನಿಗೆ ಒಂದು ಉಸಿರಿಗೆ ಸಿಗೋ ಆಮ್ಲಜನಕ ಕಮ್ಮಿ, ಪವರ್ ಕಮ್ಮಿ. ಊರೂರಿಗೆ ಹೋಲಿಸೋಕೆ ಅಂತ ಎಸ್‌ಎಇ ಜೆ1349 ಅನ್ನೋ ಪದ್ಧತೀಲಿ 25 ಡಿಗ್ರಿ, 990 ಮಿಲಿಬಾರ್ ಒಣ ಗಾಳಿ ಇದ್ದಿದ್ರೆ ಎಷ್ಟಿರ್ತಿತ್ತು ಅಂತ ಗುಣಿಸಿ ಬರೀತಾರೆ. ಅಂದ್ರೆ ನನ್ನ ಚಕ್ರ ಆವತ್ತು ಡ್ರಮ್ಮಿಗೆ ನಿಜವಾಗ್ಲೂ ಕೊಟ್ಟಿದ್ದು 8.2, ಕಾಗದದ ಮೇಲೆ 9.3. ಇದೇ ಹಾಳೇನ ಎಸ್‌ಟಿಡಿ ಅನ್ನೋ ಹಳೇ ಪದ್ಧತೀಲಿ ಪ್ರಿಂಟ್ ತೆಗೆದ್ರೆ ಇನ್ನೂ ನಾಲ್ಕು ಪರ್ಸೆಂಟ್ ಹತ್ರ ಜಾಸ್ತಿ ಬರುತ್ತೆ, ಗಾಡಿಗೆ ಒಂದು ಸ್ಕ್ರೂನೂ ಮುಟ್ದೇನೇ. ಯಾರಾದ್ರೂ "ನಂದು ಇಷ್ಟು ಬಂತು" ಅಂದ್ರೆ ಮೊದ್ಲು ಕೇಳ್ಬೇಕಾಗಿದ್ದು ಯಾವ ಕರೆಕ್ಷನ್ನು, ಯಾವ ಡೈನೋ, ಯಾವ ದಿನ ಅಂತ.

ಮತ್ತೆ ಕಂಪನಿ ಹೇಳೋ 11 ಕ್ರ್ಯಾಂಕ್‌ನದ್ದು. ಗೇರು, ಚೈನು, ಟಯರು ದಾಟಿ ಚಕ್ರಕ್ಕೆ ಬರೋ ಹೊತ್ತಿಗೆ ನೂರಕ್ಕೆ ಹತ್ತು ಹದಿನೈದು ದಾರೀಲೇ ಉದುರುತ್ತೆ. ಹಂಗೆ ನೋಡಿದ್ರೆ ಒಳ್ಳೇ ಸ್ಟಾಕ್ (ಕಂಪನಿ ಕೊಟ್ಟಂಗೇ ಇರೋ) ಆರೆಕ್ಸ್ ಚಕ್ರದಲ್ಲಿ ಒಂಬತ್ತೂವರೆ ಹತ್ರ ತೋರ್ಸಿದ್ರೆ ಸರಿಯಾಗಿದೆ ಅಂತ. ಅಂದ್ರೆ ನನ್ನ ಚಾಂಬರ್ ಗಾಡಿ ಸ್ಟಾಕ್‌ಗೂ ಸಮ ಇಲ್ಲ! ಹಿಂದಿನ ಟಯರಲ್ಲಿ ಗಾಳಿ ಕಮ್ಮಿ ಇದ್ರೆ, ಪಟ್ಟಿ ಜಾಸ್ತಿ ಎಳೆದು ಕಟ್ಟಿದ್ರೆ ಅದೂ ತಿನ್ನುತ್ತೆ. ನೂರು ಬಿಎಚ್‌ಪಿ ಗಾಡಿಗೆ ಅದು ಲೆಕ್ಕಕ್ಕಿಲ್ಲ, ಒಂಬತ್ತರ ಗಾಡೀಲಿ 0.2 ಹೋದ್ರೂ ಕಾಣುತ್ತೆ.

ಮನೆಗೆ ಬಂದು ಹಾಳೆ ನೋಡ್ತಾ ಕೂತೆ. ಗೆರೆ ಬೆಣ್ಣೆ ಥರ ನುಣ್ಣಗಿತ್ತು. ಅದೇ ಅನುಮಾನ ಬಂತು, ನನ್ನ ಗಾಡಿ ಅಷ್ಟು ನುಣ್ಣಗೆ ಓಡಲ್ಲ. ಸ್ಮೂದಿಂಗ್ 5 ಅಂತ ಮೂಲೇಲಿತ್ತು, ಅಂದ್ರೆ ಗೆರೆಯ ಏರಿಳಿತ ಒರೆಸಿ ನುಣ್ಣಗೆ ಮಾಡೋ ಸೆಟ್ಟಿಂಗು. ಅಂಗಡಿಯವ್ರಿಗೆ ಫೋನ್ ಮಾಡಿ, ಅಣ್ಣ ಅದನ್ನ ಸೊನ್ನೆಗೆ ಇಳ್ಸಿ ಫೈಲ್ ಕಳ್ಸಿ, ಜೊತೆಗೆ ಆರ್‌ಪಿಎಮ್ಮೂ ಡ್ರಮ್ ಸ್ಪೀಡೂ ಎರಡೂ ಕಾಲಮ್ ಬೇಕು ಅಂದೆ. ಕಳ್ಸಿದ್ರು, ಒಳ್ಳೇ ಜನ. ಈಗ ಗೆರೆ ಗರಗಸದ ಹಲ್ಲು ಥರ ಆಯ್ತು, ಐದೂವರೆ ಸಾವಿರದಲ್ಲಿ ಒಂದು ಹಳ್ಳ, ಏಳು ಸಾವಿರದ ಮೇಲೆ ನಡುಕ.

ಹಳ್ಳದ ಕಥೆ ಆಮೇಲೆ. ಆ ಎರಡು ಕಾಲಮ್ ಮೊದ್ಲು. ಮೂರನೇ ಗೇರಲ್ಲಿ ಪುಲ್ ತೆಗ್ದಿದ್ದು. ಗೇರ್ ಬದಲಾಗ್ದೇ ಇದ್ರೆ ಆರ್‌ಪಿಎಮ್ಮನ್ನ ಸ್ಪೀಡಿಂದ ಭಾಗಿಸಿದ್ರೆ ಮೊದಲಿಂದ ಕೊನೇ ತನಕ ಒಂದೇ ಸಂಖ್ಯೆ ಬರ್ಬೇಕು, ಹಲ್ಲಿಗೆ ಹಲ್ಲು ಕೂತಿರೋ ಚಕ್ರ ಅಲ್ವಾ, ಬೇರೆ ದಾರಿ ಇಲ್ಲ. 5000ಕ್ಕೆ 46 ಕಿಮೀ, ಅಂದ್ರೆ 108.7. 6000ಕ್ಕೆ 55.2, ಮತ್ತೆ 108.7. ಸರಿ. 7000ಕ್ಕೆ 62.5. ಅಂದ್ರೆ 112. 7500ಕ್ಕೆ 69 ಇರ್ಬೇಕಾಗಿತ್ತು, 65 ಇದೆ. 115! ಇಂಜಿನ್ ತಿರುಗ್ತಿದೆ, ಚಕ್ರಕ್ಕೆ ಬರ್ತಿಲ್ಲ. ಡ್ರಮ್ ಮೇಲೆ ಟಯರ್ ಜಾರ್ತಿರಬಹುದಾ ಅಂತ ಒಂದು ಕ್ಷಣ ಅನ್ಸಿತು, ಆದ್ರೆ ಎಂಟು ಬಿಎಚ್‌ಪಿಗೆ ಟಯರ್ ಜಾರಲ್ಲ. ಕ್ಲಚ್ ಜಾರ್ತಿದೆ.

ನಂಬೋಕಾಗ್ಲಿಲ್ಲ, ಯಾಕಂದ್ರೆ ಕ್ಲಚ್ ಪ್ಲೇಟ್ ಇಂಜಿನ್ ಬಿಚ್ಚಿದಾಗ್ಲೇ ಹೊಸದು ಹಾಕಿದ್ದೆ. ರೋಡಲ್ಲಿ ಒಂಚೂರೂ ಗೊತ್ತಾಗ್ತಿರ್ಲಿಲ್ಲ, ಆ ಚಾಂಬರ್ ಕಿರುಚಾಟದಲ್ಲಿ ಆರ್‌ಪಿಎಮ್ ಏರೋದನ್ನೇ ಗಾಡಿ ಏರ್ತಿದೆ ಅಂತ ಅಂದ್ಕೊಂಡಿದ್ದೆ. ಕವರ್ ಬಿಚ್ಚಿ ಪ್ಲೇಟ್ ಹೊರಗೆ ತೆಗೆದ್ರೆ ದಪ್ಪ ಸರಿ, ಸ್ಪ್ರಿಂಗ್ ಉದ್ದ ಸರಿ, ಆದ್ರೆ ಕಾರ್ಕ್ ಮೇಲೆ ಒಂಥರಾ ಹೊಳಪು, ಎಣ್ಣೆ ಹಚ್ಚಿದ ದೋಸೆ ಹೆಂಚು ಇದ್ದಂಗೆ. ಆಗ ನೆನಪಾಯ್ತು. ಚಾಂಬರ್ ಹಾಕಿದ ದಿನ ಗೇರ್ ಆಯಿಲ್ ಬದಲಾಯ್ಸಿದ್ನಲ್ಲ, ಮನೇಲಿ ಕಾರಿಗೆ ತಂದಿದ್ದ ಸಿಂಥೆಟಿಕ್ ಆಯಿಲ್ ಮಿಕ್ಕಿತ್ತು, ದುಬಾರಿದು, ಇದಕ್ಕಿಂತ ಒಳ್ಳೇದು ಯಾವ್ದು ಅಂತ ಅದನ್ನೇ ಸುರ್ದಿದ್ದೆ. ಕಾರಿನ ಆಯಿಲಲ್ಲಿ ಘರ್ಷಣೆ ಕಮ್ಮಿ ಮಾಡೋ ರಾಸಾಯನಿಕ ಹಾಕಿರ್ತಾರೆ, ಕಾರಿನ ಕ್ಲಚ್ ಆಯಿಲಲ್ಲಿ ಮುಳುಗಿರಲ್ಲ, ನಮ್ಮ ಬೈಕಿಂದು ಮುಳುಗಿರುತ್ತೆ. ಕ್ಲಚ್ಚಿಗೆ ಘರ್ಷಣೇನೇ ಅನ್ನ. ಅದಕ್ಕೇ ಬೈಕ್ ಆಯಿಲ್ ಡಬ್ಬಿ ಮೇಲೆ ಜಾಸೋ ಎಂಎ (ಆಯಿಲಲ್ಲಿ ಮುಳುಗೋ ಕ್ಲಚ್ಚಿಗೆ ಸರಿ ಅನ್ನೋ ಗುರುತು) ಅಂತ ಬರ್ದಿರೋದು. ಇನ್ನೂರು ರೂಪಾಯಿ ಉಳ್ಸೋಕೆ ಹೋಗಿ ಆರು ಪರ್ಸೆಂಟ್ ಪವರ್ ಕ್ಲಚ್ಚಲ್ಲಿ ಸುಟ್ಟೆ. ಪ್ಲೇಟ್‌ಗಳನ್ನ ತೊಳ್ದು ಉಜ್ಜಿ ನೋಡ್ದೆ, ಮನಸ್ಸು ಒಪ್ಪಲಿಲ್ಲ, ಹೊಸ ಸೆಟ್ಟೇ ಹಾಕಿ ಸರಿಯಾದ ಆಯಿಲ್ ಎರಡು ಸಲ ಹಾಕಿ ತೆಗ್ದು ಮೂರನೇ ಸಲಕ್ಕೆ ಮುಚ್ಚಿದೆ.

ಎರಡನೇ ಸಲ ಹೋದಾಗ ಬುದ್ಧಿ ಬಂದಿತ್ತು. ಅರ್ಧ ದಿನಕ್ಕೆ ಡೈನೋ ಬುಕ್ ಮಾಡಿ, ಚಾಂಬರ್ರೂ ಸ್ಟಾಕ್ ಸೈಲೆನ್ಸರ್ರೂ ಎರಡೂ, ಡಬ್ಬೀಲಿ ಮೂರು ಮೇನ್ ಜೆಟ್ಟು, ಹೊಸ ಪ್ಲಗ್ ಐದು, ಸ್ಪ್ರಿಂಗ್ ಎಳ್ಯೋ ಕೊಕ್ಕೆ, ಎಲ್ಲಾ ಚೀಲದಲ್ಲಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಮೂರು ಪುಲ್ಲು, ಮೊದಲ್ನೇದನ್ನ ಲೆಕ್ಕಕ್ಕೆ ಹಿಡಿಯಲ್ಲ ಯಾಕಂದ್ರೆ ಗೇರ್ ಆಯಿಲ್ ತಣ್ಣಗಿರುತ್ತೆ. ನೂರು ಸಿಸಿಗೆ ಆ ಡ್ರಮ್ ತುಂಬಾ ಭಾರ, ಒಂದೊಂದು ಪುಲ್ಲೂ ಹದಿನೈದು ಸೆಕೆಂಡ್ ಮೇಲೆ ಹೋಗುತ್ತೆ, ಫ್ಯಾನ್ ಎಷ್ಟೇ ದೊಡ್ಡದಿದ್ರೂ ನಿಂತಲ್ಲೇ ನಿಂತ ಗಾಳಿ ತಂಪಿನ ಇಂಜಿನ್ ಕಾಯುತ್ತೆ. ಹಂಗಾಗಿ ಪುಲ್ಲಿಗೂ ಪುಲ್ಲಿಗೂ ಮಧ್ಯ ಹೆಡ್ ಮೇಲೆ ಟೆಂಪರೇಚರ್ ಗನ್ ಹಿಡ್ದು ಒಂದೇ ಡಿಗ್ರಿಗೆ ಬಂದ್ಮೇಲೇನೇ ಮುಂದಿನ ಪುಲ್. ಆಪರೇಟರ್ ಹುಡ್ಗ ಬೇಜಾರಾಗಿ ಮೊಬೈಲ್ ನೋಡ್ತಾ ಕೂತ.

ಚಾಂಬರ್ ಹಾಕಿ ಹಳೇ ದೊಡ್ಡ ಜೆಟ್ಟಲ್ಲೇ 9.9 ಬಂತು, ಆರ್‌ಪಿಎಮ್ 8300. ಇಲ್ಲಿಂದ ಮುಂದೆ ಹೇಳೋದೆಲ್ಲಾ ಎಸ್‌ಎಇ ಲೆಕ್ಕದಲ್ಲಿ, ಒಂದೇ ದಿನ, ಒಂದೇ ಡೈನೋ. ಕ್ಲಚ್ ಸರಿಯಾಗಿದ್ದಕ್ಕೇ 9.3 ಹೋಗಿ 9.9. ಒಂದು ಸೈಜ್ ಸಣ್ಣ ಜೆಟ್ ಹಾಕಿದೆ, 10.4 ಬಂತು 8400ಕ್ಕೆ. ಫ್ರೆಂಡ್ ಎದ್ದು ನಿಂತ. ಇದರ ಕಾರಣ ನಾನು ಮೊದ್ಲೇ ಯೋಚ್ನೆ ಮಾಡ್ಬೇಕಾಗಿತ್ತು, ಕುಂದಾಪುರದ ಗಾಳಿಗೆ ಮಾಮ ಇಟ್ಟಿದ್ದ ಜೆಟ್ಟೇ ಬೆಂಗಳೂರಿನ ತೆಳು ಗಾಳಿಗೆ ಚೂರು ರಿಚ್ಚು (ಪೆಟ್ರೋಲ್ ಜಾಸ್ತಿ), ಅದರ ಮೇಲೆ ನಾನು ಇನ್ನೂ ಎರಡು ಸೈಜ್ ದೊಡ್ಡದು ಹಾಕಿದ್ದೆ.

ಇನ್ನೊಂದು ಸೈಜ್ ಇಳ್ಸಿದ್ರೆ? 10.5. ಫ್ರೆಂಡ್ "ಇಲ್ಲೇ ಬಿಡು" ಅಂದ. ನಾನು ಪ್ಲಗ್ ಬಿಚ್ಚಿ ನೋಡ್ದೆ. ಪಿಂಗಾಣಿ ಬಿಳಿ ಸುಣ್ಣ, ಅದರ ಮೇಲೆ ಸೂಜಿ ಮೊನೆಯಷ್ಟು ಸಣ್ಣ ಹೊಳೆಯೋ ಚುಕ್ಕೆ. ಅದು ಅಲ್ಯೂಮಿನಿಯಮ್, ಪಿಸ್ಟನ್ ತಲೆಯಿಂದ ಹಾರಿ ಬಂದಿದ್ದು. ಹೊಟ್ಟೇಲಿ ಒಂಥರಾ ಆಯ್ತು. ಟೂ ಸ್ಟ್ರೋಕಲ್ಲಿ ಪೆಟ್ರೋಲ್ ಬರೀ ಉರಿಯೋಕಲ್ಲ, ಪಿಸ್ಟನ್ ತಣ್ಣಗಿಡೋದೂ ಅದೇ, ಅದರ ಜೊತೆ ಬರೋ ಆಯಿಲೇ ಬೇರಿಂಗಿಗೆ ಊಟ. ಲೀನ್ ಮಾಡಿದ್ರೆ ಡೈನೋದಲ್ಲಿ ಹದಿನೈದು ಸೆಕೆಂಡಿಗೆ ಚೆನ್ನಾಗೇ ಕಾಣುತ್ತೆ, ತುಮಕೂರು ರೋಡಲ್ಲಿ ಹತ್ತು ನಿಮಿಷ ಫುಲ್ ಥ್ರಾಟಲ್ ಇಟ್ರೆ ಜಾಮ್. 0.1ಕ್ಕೋಸ್ಕರ ಒಂದು ಬೋರ್ ಕಳ್ಕೊಳ್ಳೋದು ಬೇಡ ಅಂತ ಮಧ್ಯದ ಜೆಟ್ಟಿಗೆ ವಾಪಸ್ ಬಂದೆ. ಅಂಗಡಿಯವ್ರು ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಎಎಫ್‌ಆರ್ (ಗಾಳಿ ಪೆಟ್ರೋಲ್ ಪ್ರಮಾಣ) ನೋಡೋಣ್ವಾ ಅಂದ್ರು, ಬೇಡ ಅಂದೆ. ಟೂ ಸ್ಟ್ರೋಕಲ್ಲಿ ಉರೀದೇ ಇರೋ ತಾಜಾ ಮಿಶ್ರಣ ಒಂದಷ್ಟು ನೇರ ಸೈಲೆನ್ಸರಿಗೇ ಹೋಗುತ್ತೆ, ಸೆನ್ಸರ್ ಅದನ್ನೂ ಸೇರ್ಸಿ ಓದಿ ಏನೋ ಒಂದು ಹೇಳುತ್ತೆ, ಜೊತೆಗೆ 2ಟಿ ಆಯಿಲ್ ಹೊಗೆಗೆ ಆ ದುಬಾರಿ ಸೆನ್ಸರ್ ಬೇಗ ಹಾಳು. ಪ್ಲಗ್ ಬಣ್ಣ ನೋಡೋದೇ ವಾಸಿ, ಅದೂ ಹೊಸ ಪ್ಲಗ್ಗಲ್ಲಿ, ಫುಲ್ ಥ್ರಾಟಲಲ್ಲಿರೋವಾಗ್ಲೇ ಕ್ಲಚ್ ಹಿಡ್ದು ಇಂಜಿನ್ ಆಫ್ ಮಾಡಿ ನೋಡಿದ್ರೆ ಮಾತ್ರ. ಸಿಗ್ನಲಲ್ಲಿ ಐಡ್ಲಿಂಗ್ ಮಾಡ್ಕೊಂಡು ಮನೆಗೆ ಬಂದು ಬಿಚ್ಚಿದ ಪ್ಲಗ್ ಐಡ್ಲಿಂಗ್ ಕಥೆ ಹೇಳುತ್ತೆ ಅಷ್ಟೇ.

ಕೊನೆಗೆ ಸ್ಟಾಕ್ ಸೈಲೆನ್ಸರ್. ಇದನ್ನ ಹಿಂದಿನ ವಾರ ಒಳಗಿನ ನಳಿಗೆ ಬಿಚ್ಚಿ ಕಾಸ್ಟಿಕ್ ಸೋಡಾ ನೀರಲ್ಲಿ ಒಂದು ರಾತ್ರಿ ನೆನೆಸಿಟ್ಟಿದ್ದೆ, ಮೂವತ್ತು ವರ್ಷದ ಕಾರ್ಬನ್ನು ಕಪ್ಪು ಕೆಸರಾಗಿ ಇಳೀತು. (ಗ್ಲೌಸ್ ಹಾಕ್ಕೊಳ್ಳಿ, ಅಲ್ಯೂಮಿನಿಯಮ್ ಸಾಮಾನು ಅದರೊಳಗೆ ಹಾಕ್ಲೇಬೇಡಿ, ಕರಗೋಗುತ್ತೆ.) ಜೆಟ್ಟೂ ಬಾಕ್ಸ್ ಮುಚ್ಚಳಾನೂ ಸ್ಟಾಕಿಗೆ ತಂದು ಪುಲ್ ಮಾಡಿದ್ರೆ 7500ಕ್ಕೆ 9.2. ಫ್ರೆಂಡ್ ನಕ್ಕ, "ನೋಡ್ದ್ಯಾ, ಚಾಂಬರ್ ಒಂದೂಕಾಲು ಹತ್ರ ಜಾಸ್ತಿ" ಅಂತ.

ಎರಡೂ ಗೆರೇನ ಒಂದರ ಮೇಲೊಂದು ಹಾಕಪ್ಪ ಅಂದೆ ಹುಡ್ಗಂಗೆ. ಏಳು ಸಾವಿರದಲ್ಲಿ ಎರಡೂ ಒಂದಕ್ಕೊಂದು ದಾಟ್ತವೆ, ಅಲ್ಲಿ ಇಬ್ರಿಗೂ 9.1 ನ್ಯೂಟನ್ ಮೀಟರ್. ಅದರಿಂದ ಮೇಲೆ ಚಾಂಬರ್ ರಾಜ, ಸರಿ. ಅದರಿಂದ ಕೆಳಗೆ ನೋಡಿ. 5000ಕ್ಕೆ ಸ್ಟಾಕ್ 8.3, ಚಾಂಬರ್ 6.9. 5500ಕ್ಕೆ ಸ್ಟಾಕ್ 8.8, ಚಾಂಬರ್ 6.6, ಇದೇ ಆ ಹಳ್ಳ. ಪವರ್ ಲೆಕ್ಕದಲ್ಲಿ ಹೇಳಿದ್ರೆ 5500ಕ್ಕೆ ಒಂದು 6.8, ಇನ್ನೊಂದು 5.1. ಅಂದ್ರೆ ಚಾಂಬರ್ ಮೇಲೆ ಒಂದೂಕಾಲು ಕೊಟ್ಟು ಕೆಳಗೆ ಹೆಚ್ಚೂಕಮ್ಮಿ ಒಂದೂಮುಕ್ಕಾಲು ಕಿತ್ಕೊಂಡಿದೆ. ನಾನು ದಿನಾ ಓಡ್ಸೋದು ಬನಶಂಕರಿಯಿಂದ ಸಿಲ್ಕ್ ಬೋರ್ಡ್ ದಾಟಿ. ಅಲ್ಲಿ ಏಳು ಸಾವಿರ ಯಾವಾಗ ಸಿಗುತ್ತೆ? ಮೂರು, ನಾಲ್ಕೂವರೆ, ಐದೂವರೆ, ಬ್ರೇಕು. ಮತ್ತೆ ಮೂರು. ನಂದು ಪೂರ್ತಿ ಜೀವನ ಆ ಹಳ್ಳದಲ್ಲೇ.

ಹಳ್ಳ ಯಾಕೆ ಬರುತ್ತೆ ಅನ್ನೋದೂ ಚೆನ್ನಾಗಿದೆ. ಪೋರ್ಟ್ ತೆಗ್ದ ತಕ್ಷಣ ಒಂದು ಒತ್ತಡದ ಅಲೆ ಪೈಪಲ್ಲಿ ಹೋಗುತ್ತೆ, ಚಾಂಬರ್ ಅಗಲ ಆಗೋ ಜಾಗದಲ್ಲಿ ಅದು ಹೀರೋ ಅಲೆಯಾಗಿ ವಾಪಸ್ ಬಂದು ತಾಜಾ ಮಿಶ್ರಣಾನ ಸಿಲಿಂಡರಿಗೆ ಎಳೆಯುತ್ತೆ, ಕಿರಿದಾಗೋ ಜಾಗದಿಂದ ತಳ್ಳೋ ಅಲೆಯಾಗಿ ಬಂದು ಸೈಲೆನ್ಸರಿಗೆ ತಪ್ಪಿಸ್ಕೊಂಡು ಹೋಗ್ತಿದ್ದ ಮಿಶ್ರಣಾನ ಪೋರ್ಟ್ ಮುಚ್ಚೋ ಮುಂಚೆ ವಾಪಸ್ ಒಳಗೆ ದಬ್ಬುತ್ತೆ. ಆದ್ರೆ ಅಲೆಯ ವೇಗ ಪೈಪಿನ ಬಿಸಿ ಮೇಲೆ, ಪೈಪಿನ ಉದ್ದ ಕತ್ತರಿಸಿದಷ್ಟೇ, ಹಂಗಾಗಿ ಈ ಟೈಮಿಂಗ್ ಕೂಡಿ ಬರೋದು ಒಂದೆರಡು ಸಾವಿರ ಆರ್‌ಪಿಎಮ್ ಅಗಲದಲ್ಲಿ ಮಾತ್ರ. ಇಂಜಿನ್ ನಿಧಾನ ಇದ್ದಾಗ ತಳ್ಳೋ ಅಲೆ ಬೇಗ ಬಂದು, ಮಿಶ್ರಣ ಇನ್ನೂ ಒಳಗೆ ಬರ್ತಿರೋವಾಗ್ಲೇ ಅದನ್ನ ತಡೆಯುತ್ತೆ. ಇದನ್ನೆಲ್ಲಾ 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಮ್‌ಜೆಡ್ ಅನ್ನೋ ಬೈಕ್ ಕಂಪನೀಲಿ ವಾಲ್ಟರ್ ಕಾಡೆನ್ ಅನ್ನೋ ಇಂಜಿನಿಯರ್ ಕೂತು ಹದಕ್ಕೆ ತಂದಿದ್ದು, 1961ರಲ್ಲಿ 125 ಸಿಸೀಲಿ 25 ಬಿಎಚ್‌ಪಿ ತೆಗೆದ. ಅದೇ ವರ್ಷ ಅವರ ರೈಡರ್ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ರೇಸಿಗೆ ಹೋದವನು ದೇಶಾನೇ ಬಿಟ್ಟು ಓಡೋಗಿ ಆ ವಿದ್ಯೆ ಸುಜುಕಿಗೆ ಕೊಟ್ಟ. ನಮ್ಮ ಕಲಾಸಿಪಾಳ್ಯದ ವೆಲ್ಡಿಂಗ್ ಚಾಂಬರ್ ಆ ವಂಶದ್ದೇ, ಆದ್ರೆ ನನ್ನ ಪೋರ್ಟಿಗೆ ಅಳತೆ ಮಾಡಿ ಹೊಲ್ಸಿದ್ದಲ್ಲ, ರೆಡಿಮೇಡ್ ಅಂಗಿ. ಪೋರ್ಟಿಂಗ್ ಮಾಡಿದ್ರೆ ಅದಕ್ಕೆ ತಕ್ಕಂಗೆ ಕೂತಿರ್ತಿತ್ತೇನೋ, ಆಗ ಇನ್ನೂ ಮೇಲೆ ಹೋಗಿ ಇನ್ನೂ ಕೆಳಗೆ ಸಾಯ್ತಿತ್ತು.

ಸ್ಟಾಕ್ ಸೈಲೆನ್ಸರ್ ಹಾಕ್ಕೊಂಡೇ ಮನೆಗೆ ಬಂದೆ. ರೋಡಲ್ಲಿ ಚಾಂಬರ್ ಹಾಕ್ಕೊಂಡು ಓಡ್ಸಿದ್ರೆ ಪೊಲೀಸ್ರು ಹಿಡಿಯೋದು ಬೇರೆ, ಕಂಪನಿ ಕೊಟ್ಟಿದ್ದನ್ನ ನಮಗಿಷ್ಟ ಬಂದಂಗೆ ಬದಲಾಯ್ಸೋಕೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಬಿಡಲ್ಲ. ಸಿಲ್ಕ್ ಬೋರ್ಡ್ ಫ್ಲೈಓವರ್ ಏರಿಗೆ ಮುಂಚೆ ಎರಡನೇ ಗೇರ್ ಹಾಕ್ಬೇಕಾಗ್ತಿತ್ತು, ಈಗ ಮೂರರಲ್ಲೇ ಎಳ್ಕೊಂಡು ಹೋಗುತ್ತೆ.

ಎರಡೂ ಪ್ರಿಂಟ್ ಫೋಟೋ ತೆಗ್ದು ಮಾಮಂಗೆ ಕಳ್ಸಿದ್ದೆ. ಸಂಜೆ ಫೋನ್ ಬಂತು. ನಂಬರ್ ಬಗ್ಗೆ ಏನೂ ಕೇಳ್ಲಿಲ್ಲ. "ಒಂದ್ ಕಿಕ್ಕಿಗೆ ಸ್ಟಾರ್ಟ್ ಆತ್ತಾ?" ಅಂದ್ರು. ಆಗುತ್ತೆ ಮಾಮ ಅಂದೆ. ಚಾಂಬರ್ ಸಜ್ಜಾ ಮೇಲಿದೆ, ಗೋಣಿಚೀಲ ಸುತ್ತಿ, ಯಾರಿಗಾದ್ರೂ ಟ್ರ್ಯಾಕಿಗೆ ಬೇಕಾದ್ರೆ ಹೇಳಿ, ಮಧ್ಯದ ಜೆಟ್ಟೂ ಜೊತೆಗೇ ಕೊಡ್ತೀನಿ.